ಮೋಟರಿನ ಕೀರಲು ದನಿ



ತಳಿ, ಡೆಂಕಣಿಕೋಟೆ ಕಡೆಯ ತೋಟಗಳಲ್ಲಿ ಕಂಟ್ರೋಲರ್ ಇರುವ ಮೋಟರುಗಳನ್ನು ಈಗ ಕಾಣುತ್ತೇವೆ. 2019ರಲ್ಲಿ ಆರಂಭವಾದ ಪಿಎಂ-ಕುಸುಮ್ ಯೋಜನೆಯ ಸೌರ ಪಂಪುಗಳೂ ಇಂಥವೇ. "ಹೊಸ ಮೋಟರು ಕುಯ್ ಅನ್ನುತ್ತದೆ, ಕೆಟ್ಟಿದೆಯೇ ಸ್ವಾಮಿ?" ಎಂದು ಕೇಳುವವರುಂಟು. ಎಲ್ಲ ಶಬ್ದವೂ ರೋಗವಲ್ಲ.

ಇವುಗಳಲ್ಲಿ ಹಲವು ಮೋಟರುಗಳ ರೋಟರಿನಲ್ಲಿ ಆಯಸ್ಕಾಂತ ಇರುತ್ತದೆ. ಕಪಿಲೆ ಹೊಡೆಯುವವನು ಎತ್ತು ಎಲ್ಲಿದೆ ಎಂದು ನೋಡಿ ಕೂಗು ಹಾಕುವಂತೆ, ಆಯಸ್ಕಾಂತ ಎಲ್ಲಿದೆ ಎಂದು ತಿಳಿದೇ ಕಂಟ್ರೋಲರ್ ಆಯಾ ಕಾಯಿಲಿಗೆ ಕರೆಂಟು ಕೊಡಬೇಕು. ನೀರಿನಲ್ಲಿ ಮುಳುಗಿದ ಮೋಟರಿಗೆ ಸೆನ್ಸರೂ ಅದರ ತಂತಿಗಳೂ ತೊಂದರೆಯೇ. ಆದ್ದರಿಂದ ಸೆನ್ಸರ್ ಇಡದೆ, ತಿರುಗುವ ಆಯಸ್ಕಾಂತ ಕಾಯಿಲಿನಲ್ಲಿ ಹುಟ್ಟಿಸುವ ವೋಲ್ಟೇಜನ್ನು ಅಳೆದು ಲೆಕ್ಕ ಹಾಕುತ್ತಾರೆ. ನಿಂತ ಮೋಟರಿನಲ್ಲಿ ಆ ವೋಲ್ಟೇಜೇ ಇರದು. ಪಂಪನ್ನು ಸಾಮಾನ್ಯವಾಗಿ ಕುರುಡಾಗಿಯೇ ತಿರುಗಿಸಿ ಶುರುಮಾಡುತ್ತಾರೆ. ಆಗಿನ ಅದುರು ಅರೆಗಳಿಗೆಯದು. ಭಾರ ಎಳೆಯುತ್ತಲೇ ಹೊರಡಬೇಕಾದ ಕೆಲವು ಮೋಟರುಗಳಲ್ಲಿ, ಸೆಕೆಂಡಿಗೆ ಸಾವಿರದಷ್ಟು ಸಲ ಏರಿಳಿಯುವ ಸಣ್ಣ ವೋಲ್ಟೇಜು ಕಳಿಸಿ ಆಯಸ್ಕಾಂತದ ಜಾಗ ತಿಳಿಯುತ್ತಾರೆ. ಅದಕ್ಕೆ ಒಳಗಿನ ತಗಡುಗಳು ಅದುರಿ ಕೀರಲು ದನಿ ಬರುತ್ತದೆ. ವೇಗ ಬಂದೊಡನೆ ಅದನ್ನು ನಿಲ್ಲಿಸುವುದು, ಒಂದೇ ಸ್ವರ ಹಿಡಿಯದಂತೆ ಏರಿಳಿತದ ಸಂಖ್ಯೆಯನ್ನು ಬದಲಿಸುತ್ತಿರುವುದು ಎಂಜಿನಿಯರುಗಳು ಕಂಡುಕೊಂಡ ಉಪಾಯಗಳು.

ಓಡುತ್ತಿರುವಾಗಿನ ಕೂಗು ಬೇರೆ. ಕಂಟ್ರೋಲರ್ ಕರೆಂಟನ್ನು ತುಂಡುತುಂಡು ಮಾಡಿ ಕೊಡುತ್ತದೆ. ಸೆಕೆಂಡಿಗೆ 4,000 ಸಲ ಕತ್ತರಿಸಿದರೆ ಚೆನ್ನಾಗಿ ಕೇಳುತ್ತದೆ. 16,000 ದಾಟಿದರೆ ನಮ್ಮಂಥ ಐವತ್ತು ಕಳೆದವರಿಗೆ ಕೇಳದು, ಮಕ್ಕಳಿಗೆ ಕೇಳಬಹುದು. ಹಾಗೆಂದು ಆ ಸಂಖ್ಯೆಯನ್ನು ನೀವೇ ಏರಿಸಲು ಹೋಗಬೇಡಿ. ಕಂಟ್ರೋಲರ್ ಹೆಚ್ಚು ಬಿಸಿಯಾಗುತ್ತದೆ. ನಮ್ಮ ಕಡೆಯ ಬೋರ್‌ವೆಲ್‌ಗಳು ಆಳವಾದವು, ಕೇಬಲ್ ಉದ್ದ. ಉದ್ದ ಕೇಬಲಿನ ತುದಿಯಲ್ಲಿ ಪ್ರತಿ ತುಂಡಿಗೂ ವೋಲ್ಟೇಜು ಎಗರಿ ಕಾಯಿಲಿಗೆ ಏಟು ಬೀಳುತ್ತದೆ. ತುಂಡು ಹೆಚ್ಚಿದಷ್ಟೂ ಏಟು ಹೆಚ್ಚು. ಸುಟ್ಟ ಮೋಟರನ್ನು ಮೇಲೆತ್ತಿಸುವ ಖರ್ಚು ನಿಮಗೇ ಗೊತ್ತು! ಬಲ್ಲ ಮೆಕ್ಯಾನಿಕ್ಕನ್ನು ಕರೆಸಿ, ಕೇಬಲಿಗೆ ಫಿಲ್ಟರ್ ಅಥವಾ ಚೋಕ್ ಬೇಕೇ ಎಂದು ಕೇಳಿ.

ಬಾವಿಯ ಮೇಲಿನ ಮೋಟರಾದರೆ ಒಂದು ಪರೀಕ್ಷೆಯುಂಟು. ಓಡುವಾಗ ಕರೆಂಟು ತೆಗೆದು ಕಿವಿಗೊಡಿ. ದನಿ ತಟ್ಟನೆ ನಿಂತರೆ ಅದು ಕರೆಂಟಿನದು. ಸುತ್ತು ನಿಲ್ಲುವವರೆಗೂ ಗರಗರ ಎಂದರೆ ಬೇರಿಂಗು ಸವೆದಿರಬಹುದು; ತಡಮಾಡಬೇಡಿ.

ಇನ್ನು ಕಿವಿಯ ಮಾತು. ದಿನಕ್ಕೆ 8 ಗಂಟೆ 85 ಡೆಸಿಬೆಲ್ ಮೀರಿದ ಶಬ್ದದಲ್ಲಿದ್ದರೆ ಕೇಳುವ ಶಕ್ತಿ ಮೆಲ್ಲಗೆ ಕುಂದುತ್ತದೆ, ಮರಳಿ ಬರುವುದಿಲ್ಲ. ಒಂದು ತೋಳಿನಷ್ಟು ದೂರದವರೊಡನೆ ದನಿಯೆತ್ತಿ ಮಾತಾಡಬೇಕಾದರೆ ಶಬ್ದ ಆ ಮಟ್ಟಕ್ಕೆ ಬಂದಿದೆಯೆಂದೇ ತಿಳಿಯಿರಿ. ಮೋಟರ್ ರೂಮಿನಲ್ಲಿ ಮಕ್ಕಳನ್ನು ಮಲಗಿಸಬೇಡಿ.