ಪಿಳ್ಳಾರಿ ಗೀತೆ ಮತ್ತು ಪರನಾಡಿನ ಮಕ್ಕಳು

ಸರಳೆ, ಜಂಟಿ, ಅಲಂಕಾರಗಳನ್ನು ಮುಗಿಸಿದ ಮಗುವಿಗೆ ಸ್ವರದೊಡನೆ ಸಾಹಿತ್ಯವು ಮೊದಲು ದೊರೆಯುವುದು ಪಿಳ್ಳಾರಿ ಗೀತೆಗಳಲ್ಲಿ. ಶ್ರೀ ಪುರಂದರದಾಸರ (1484–1564) ರಚನೆಗಳೆಂದು ಪರಂಪರೆಯು ಹೇಳುವ ಇವುಗಳಲ್ಲಿ ‘ಶ್ರೀಗಣನಾಥ’ವನ್ನೇ ಸಾಮಾನ್ಯವಾಗಿ ಮೊದಲು ಕಲಿಸುತ್ತಾರೆ. ಸುಲಭವೆಂದೆಣಿಸಿ ನಾಲ್ಕಾರು ದಿನಗಳಲ್ಲಿ ಅದನ್ನು ಮುಗಿಸಿಬಿಡುವುದೂ ಉಂಟು. ಸಾಲ್ಟ್ ಲೇಕಿನಲ್ಲಿ ಬೆಳೆಯುತ್ತಿರುವ ಕನ್ನಡದ ಮಕ್ಕಳ ಮಟ್ಟಿಗೆ ಈ ಅವಸರದಿಂದ ನಷ್ಟವೇ ಹೆಚ್ಚು.

ರಾಗದ ವಿಷಯದಲ್ಲಿ ತೊಡಕು ಅಷ್ಟಿಲ್ಲ. ಮಲಹರಿಯು ಮಾಯಾಮಾಳವಗೌಳದ ಜನ್ಯ. ಆರೋಹಣದಲ್ಲಿ ಗಾಂಧಾರವಿಲ್ಲ, ನಿಷಾದವಂತೂ ಎಲ್ಲಿಯೂ ಇಲ್ಲ. ಸರಳೆಯ ಅಭ್ಯಾಸಬಲದಿಂದ ಮಕ್ಕಳು ಏರುವಾಗ ಗಾಂಧಾರವನ್ನು ಮುಟ್ಟುವುದುಂಟು. ಎರಡು ಸಲ ತಿದ್ದಿದರೆ ಸರಿಹೋಗುತ್ತದೆ.

ತೊಡಕಿರುವುದು ಅಕ್ಷರದಲ್ಲಿ. ರೂಪಕತಾಳದ ಆವರ್ತಕ್ಕೆ ಆರು ಅಕ್ಷರಕಾಲ: ದ್ರುತಕ್ಕೆ ಎರಡು, ಲಘುವಿಗೆ ನಾಲ್ಕು. ‘ಶ್ರೀ’ಕಾರವು ದ್ರುತವನ್ನೆಲ್ಲ ತುಂಬುತ್ತದೆ. ಅನಂತರ ಗ, ಣ, ನಾ, ಥ ಎಂಬ ನಾಲ್ಕು ಅಕ್ಷರಗಳು ಕ್ರಮವಾಗಿ ಘಾತ, ಕಿರುಬೆರಳು, ಉಂಗುರಬೆರಳು, ನಡುಬೆರಳುಗಳ ಮೇಲೆ ನಿಲ್ಲುತ್ತವೆ. ಬಂಗಾಳಿಯ ಆಡುಮಾತಿನಲ್ಲಾದರೋ ‘ನಾಥ’ವು ‘ನಾಥ್’ ಆಗುತ್ತದೆ. ಣಕಾರಕ್ಕೆ ಬೇರೆ ಉಚ್ಚಾರಣೆಯೇ ಇಲ್ಲ. ಅಕಾರವು ಒಕಾರದತ್ತ ಬಾಗುತ್ತದೆ. ಆ ನುಡಿಯ ನಡುವೆ ಬೆಳೆದ ಮಗು ‘ನಾಥ್’ ಎಂದು ನಿಲ್ಲಿಸಿದೊಡನೆ ನಡುಬೆರಳಿನ ರಿಷಭಕ್ಕೆ ಆಧಾರವೇ ತಪ್ಪುತ್ತದೆ. ಕನ್ನಡದ ಕಡೆಯ ಅಕಾರವು ಉಳಿದರೆ ಮಾತ್ರ ತಾಳವೂ ಉಳಿದೀತು.

ಇದನ್ನು ಮಗುವಿನ ದೋಷವೆಂದು ಗದರುವುದು ಸಲ್ಲದು. ಬಂಗಾಳಿ ಓದುವ ಮಕ್ಕಳಿಗೆ ಪರಿಚಿತವಾದ, ಈಶ್ವರಚಂದ್ರ ವಿದ್ಯಾಸಾಗರರು 1855ರಲ್ಲಿ ಪ್ರಕಟಿಸಿದ ‘ವರ್ಣಪರಿಚಯ’ದ ಹೆಸರನ್ನು ಅಲ್ಲಿ ‘ಬೊರ್ನೊಪೊರಿಚೊಯ್’ ಎಂದೇ ಉಚ್ಚರಿಸುತ್ತಾರೆ. ಅದು ಆ ಭಾಷೆಯ ಶುದ್ಧ ರೂಪ. ಅಲ್ಲಿ ವರ್ಣವೆಂದರೆ ಅಕ್ಷರ, ಗೀತೆಯಲ್ಲಿ ಬಣ್ಣ. ಎರಡನ್ನೂ ಒಟ್ಟಿಗಿಟ್ಟು ತೋರಿಸಿದರೆ ಮಗು ಎರಡನ್ನೂ ಮರೆಯದು. ಗೀತೆಯ ‘ಸಿಂಧೂರ’ಕ್ಕಂತೂ ವ್ಯಾಖ್ಯಾನವೇ ಬೇಡ. ವಿಜಯದಶಮಿಯಂದು ಪೆಂಡಾಲಿನಲ್ಲಿ ಮುತ್ತೈದೆಯರು ಪರಸ್ಪರ ಸಿಂಧೂರ ಹಚ್ಚುವುದನ್ನೂ, ದುರ್ಗೆಯ ಪಕ್ಕದಲ್ಲಿ ನಿಂತ ಗಣಪತಿಯನ್ನೂ ಅದು ಕಣ್ಣಾರೆ ಕಂಡಿರುತ್ತದೆ.

ಇಲ್ಲಿ ಬ್ಲಾಕುಗಳಿಗೆ ಇಂಗ್ಲಿಷ್ ಅಕ್ಷರಗಳ ಹೆಸರು. ಅಂಗಡಿಯ ಫಲಕಗಳಲ್ಲಿ ಬಂಗಾಳಿ. ಕನ್ನಡದ ಅಕ್ಷರವು ಮಗುವಿನ ಕಣ್ಣಿಗೆ ಬೀಳುವ ತಾಣವೆಂದರೆ ಮನೆ, ಇಲ್ಲವೆ ಈ ಪಾಠದ ಪುಸ್ತಕ. ಆದುದರಿಂದ ಸಾಹಿತ್ಯವನ್ನು ಇಂಗ್ಲಿಷ್ ಲಿಪಿಯಲ್ಲಿ ಬರೆದುಕೊಡುವ ಅನುಕೂಲವನ್ನು ಕಲಿಸುವವರು ಬಿಡುವುದು ಲೇಸು. ಆ ಲಿಪಿಯ ಸಾಮಾನ್ಯ ಬರಹದಲ್ಲಿ ಣಕಾರ ನಕಾರಗಳ ಭೇದವೂ, ಅಕಾರ ಆಕಾರಗಳ ಭೇದವೂ ಅಳಿಸಿಹೋಗುತ್ತವೆ. ಓದಲು ಬಾರದ ಮಗುವಿಗೆ ಮೊದಲ ದಿನ ಐದೇ ಅಕ್ಷರಗಳನ್ನು ಕನ್ನಡದಲ್ಲಿ ಬರೆಯಿಸಿದರೆ ಸಾಕು. ರಾಗವಿಲ್ಲದೆ, ಕೈಯಲ್ಲಿ ತಾಳ ಹಾಕುತ್ತ, ಅವನ್ನೇ ಹತ್ತಾರು ಸಲ ಹೇಳಿಸಿ, ನಡುಬೆರಳಿನ ಮೇಲೆ ‘ಥ’ ಪೂರ್ಣವಾಗಿ ಬೀಳುವವರೆಗೂ ಶ್ರುತಿಪೆಟ್ಟಿಗೆಯನ್ನು ತೆರೆಯದಿರಲಿ.