ಕೂಡದ ಮೂಳೆ, ಬಿಡಲಾಗದ ಮಾತ್ರೆ

ವರ್ಜೀನಿಯಾದ ಹರ್ನ್‌ಡನ್‌ನ ಕನ್ನಡತಿಯೊಬ್ಬರ ಪ್ರಶ್ನೆ: ಡಬ್ಲ್ಯು ಅಂಡ್ ಓಡಿ ಟ್ರೇಲ್ ಎಂಬ ಹಾದಿಯಲ್ಲಿ ಜಾರಿ ಮುರಿದ ಕಣಕಾಲಿನ ಮೂಳೆ 4 ತಿಂಗಳಾದರೂ ಕೂಡಿಲ್ಲ. ರುಮಟಾಯ್ಡ್ ಸಂಧಿವಾತಕ್ಕೆ ನುಂಗುವ ಪ್ರೆಡ್ನಿಸೋನ್ ಬಿಟ್ಟುಬಿಡಲೇ?

ಏಕಾಏಕಿ ಬೇಡವೇ ಬೇಡ. ತಿಂಗಳುಗಟ್ಟಲೆ ಹೊರಗಿನಿಂದ ಪ್ರೆಡ್ನಿಸೋನ್‌ನಂಥ ಸ್ಟೀರಾಯ್ಡ್ ಸಿಕ್ಕರೆ ಅಡ್ರಿನಲ್ ಗ್ರಂಥಿ ಸೋಮಾರಿಯಾಗುತ್ತದೆ. ಥಟ್ಟನೆ ನಿಲ್ಲಿಸಿದರೆ ರಕ್ತದೊತ್ತಡ ಕುಸಿದು ಪ್ರಾಣಕ್ಕೇ ಸಂಚಕಾರ. ಮೂಳೆ ಕಟ್ಟುವ ಕೋಶಗಳಿಗೆ ಈ ಮದ್ದು ಅಡ್ಡಗಾಲು ಹಾಕುವುದು ನಿಜ. ಆದರೆ ಕೆರಳಿದ ಸಂಧಿವಾತವೂ ಮೂಳೆ ತಿನ್ನುತ್ತದಲ್ಲ! 1950ರಲ್ಲಿ ಸಂಶೋಧಕರಿಗೆ ನೊಬೆಲ್ ತಂದ ಕಾರ್ಟಿಸೋನ್ ವಂಶದ ಮದ್ದುಗಳೆಲ್ಲ ಹೀಗೇ, ಇಬ್ಬಾಯಿಯ ಕತ್ತಿ.

ಮೂಳೆ ವೈದ್ಯರನ್ನೂ ಸಂಧಿವಾತ ತಜ್ಞರನ್ನೂ ಮಾತಾಡಿಸಿ, ಡೋಸ್ ಮೆಲ್ಲಗೆ ಇಳಿಸಬಹುದೇ ಎಂದು ಈ ಕನ್ನಡತಿ ಕೇಳಲಿ.

ವಿಟಮಿನ್ ಡಿ ಪರೀಕ್ಷೆಯೂ ಮೂಳೆ ಸಾಂದ್ರತೆ ಅಳೆಯುವ ಡೆಕ್ಸಾ ಪರೀಕ್ಷೆಯೂ ಆಗಲಿ. ವಿಟಮಿನ್ ಡಿಗಾಗಿ ವರ್ಜೀನಿಯಾದ ಚಳಿಗಾಲದ ಬಿಸಿಲನ್ನು ನಂಬುವಂತಿಲ್ಲ. ಅನ್ನ-ತಿಳಿಸಾರಿನ ತಟ್ಟೆಗೆ ಬೇಳೆ, ಮೊಸರು ಇನ್ನಷ್ಟು ಬೀಳಲಿ. ನೋವಿಗೆಂದು ಐಬುಪ್ರೊಫೆನ್ ತಾವಾಗಿಯೇ ನುಂಗುವುದಂತೂ ಬೇಡ.