ಗರ್ಭಿಣಿಯ ಮನೋವ್ಯಾಕುಲತೆ: ದಂಪತಿಗಳು ಅರಿಯಬೇಕಾದ ವಿಷಯಗಳು

ಬಸುರಿ ಹೆಂಗಸನ್ನು ಸಂತೋಷವಾಗಿ ಇಟ್ಟುಕೊಳ್ಳಬೇಕೆಂಬುದು ನಮ್ಮ ಹಿರಿಯರ ಮಾತು. ಬಯಕೆ ತೀರಿಸುವುದು, ಮಡಿಲು ತುಂಬುವುದು, ಚೊಚ್ಚಲ ಹೆರಿಗೆಗೆ ತವರಿಗೆ ಕಳುಹಿಸುವುದು ಮೊದಲಾದ ಪದ್ಧತಿಗಳಲ್ಲಿ ಈ ಕಾಳಜಿ ಎದ್ದು ಕಾಣುತ್ತದೆ. ಆದರೆ ಈ ಮಾತಿಗೆ ಇನ್ನೊಂದು ಮುಖವೂ ಉಂಟು. ಬಸುರಿಯು ಸಂತೋಷವಾಗಿಯೇ ಇರಬೇಕೆಂದು ಮನೆಯವರೆಲ್ಲರೂ ಎದುರು ನೋಡುತ್ತಿರುವಾಗ, ಮನಸ್ಸು ಕುಗ್ಗಿದವಳು ಅದನ್ನು ಬಾಯಿಬಿಟ್ಟು ಹೇಳಲಾರಳು. ಹೇಳಿದರೆ "ಮಕ್ಕಳ ಭಾಗ್ಯ ಬಂದಾಗ ಅಳುತ್ತಾಳೆ" ಎಂಬ ಆಕ್ಷೇಪಣೆ ಕೇಳಬೇಕಾಗುತ್ತದೆ. ಆದ್ದರಿಂದ ಆಕೆ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಬಂದಾಗಲೂ ತಲೆನೋವು, ಸುಸ್ತು, ಎದೆ ಭಾರ, ನಿದ್ರೆ ಬಾರದಿರುವುದು ಇವನ್ನೇ ಹೇಳುತ್ತಾಳೆಯೇ ಹೊರತು ಮನಸ್ಸಿನ ವಿಷಯವನ್ನು ಎತ್ತುವುದಿಲ್ಲ. ಜೊತೆಯಲ್ಲಿ ಬಂದ ಅತ್ತೆಯನ್ನೋ ಗಂಡನನ್ನೋ ಸ್ವಲ್ಪ ಹೊತ್ತು ಹೊರಗೆ ಕೂರಿಸಿ ಕೇಳಿದಾಗ ಮಾತ್ರ ಕಣ್ಣೀರು ಬರುವುದನ್ನು ನಾವು ವೈದ್ಯರು ಅನೇಕ ಬಾರಿ ಕಂಡಿದ್ದೇವೆ.

ಇದು ಅಪರೂಪದ ತೊಂದರೆಯಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕದಂತೆ ಬೆಳೆಯುತ್ತಿರುವ ರಾಷ್ಟ್ರಗಳಲ್ಲಿ ಗರ್ಭಿಣಿಯರ ಪೈಕಿ ಶೇಕಡ 15.6ರಷ್ಟು, ಹೆರಿಗೆಯಾದವರ ಪೈಕಿ ಶೇಕಡ 19.8ರಷ್ಟು ಸ್ತ್ರೀಯರು ಮಾನಸಿಕ ತೊಂದರೆಗೆ ಒಳಗಾಗುತ್ತಾರೆ; ಅದರಲ್ಲಿ ಮುಖ್ಯವಾದುದು ಖಿನ್ನತೆ. ಅಂದರೆ ಆರೇಳು ಬಸುರಿಯರಲ್ಲಿ ಒಬ್ಬಳು. ನಿಮ್ಮ ಬೀದಿಯಲ್ಲಿಯೇ ಅಂಥವಳೊಬ್ಬಳು ಇರಬಹುದು.

ಸಹಜವಾದ ಬೇಸರ ಯಾವುದು, ಖಿನ್ನತೆ ಯಾವುದು?

ಗರ್ಭ ನಿಂತ ಮೊದಲ ತಿಂಗಳುಗಳಲ್ಲಿ ವಾಕರಿಕೆ, ಆಯಾಸ, ಸಣ್ಣ ಮಾತಿಗೂ ಅಳು ಬರುವುದು ಇವು ಸಾಮಾನ್ಯ. ದೇಹದಲ್ಲಿ ಆಗುವ ಬದಲಾವಣೆಗಳಿಂದ ಮನಸ್ಸೂ ಏರಿಳಿಯುತ್ತದೆ. ಒಂದು ದಿನ ಬೇಸರಗೊಂಡವಳು ಮರುದಿನ ನೆರೆಯವರೊಡನೆ ನಗುತ್ತಾ ಮಾತನಾಡಿದರೆ ಚಿಂತೆಗೆ ಕಾರಣವಿಲ್ಲ.

ಆದರೆ ಎರಡು ವಾರಗಳಿಗೂ ಮೀರಿ, ಹೆಚ್ಚು ಕಡಿಮೆ ಪ್ರತಿದಿನವೂ, ದಿನದ ಬಹುಭಾಗ ಮನಸ್ಸು ಕುಗ್ಗಿಯೇ ಇದ್ದರೆ ಅಥವಾ ಹಿಂದೆ ಇಷ್ಟವಾಗಿದ್ದ ಯಾವ ಕೆಲಸದಲ್ಲಿಯೂ ಆಸಕ್ತಿ ಉಳಿಯದಿದ್ದರೆ ಅದನ್ನು ಖಿನ್ನತೆಯೆಂದು ಶಂಕಿಸಬೇಕು. ಇದರೊಂದಿಗೆ ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡು ಮಲಗಿದರೂ ಬೆಳಗಿನ ಜಾವ ಎರಡು ಮೂರು ಗಂಟೆಗೇ ಎಚ್ಚರವಾಗುವುದು, ಊಟ ಸೇರದಿರುವುದು, ತಾನು ಯಾವುದಕ್ಕೂ ಬಾರದವಳೆಂಬ ಭಾವನೆ, ಮಗುವಿಗೆ ಏನೋ ಆಗಿಬಿಡುತ್ತದೆಂಬ ಎಡೆಬಿಡದ ಭಯ ಇವೂ ಕಾಣಬಹುದು. ತಾಯಿಯಾಗುವವಳಿಗೆ ಮಗುವಿನ ವಿಷಯದಲ್ಲಿ ಏನೂ ಅನಿಸದಿರುವುದೂ ಒಂದು ಲಕ್ಷಣವೇ. ಇದನ್ನು ಕಂಡು "ಕಲ್ಲು ಮನಸ್ಸಿನವಳು" ಎನ್ನುವುದು ಅನ್ಯಾಯ. ಜ್ವರ ಬಂದವಳಿಗೆ ಮೈ ಬಿಸಿಯಾಗುವಂತೆ ಇದೂ ಕಾಯಿಲೆಯ ಗುರುತು ಮಾತ್ರ.

ಇಲ್ಲಿ ಒಂದು ಎಚ್ಚರಿಕೆ ಅವಶ್ಯಕ. ರಕ್ತಹೀನತೆಯಿಂದಲೂ ಥೈರಾಯ್ಡ್ ಗ್ರಂಥಿಯ ದೋಷದಿಂದಲೂ ಇಂಥದೇ ಸುಸ್ತು, ನಿರುತ್ಸಾಹ ಉಂಟಾಗುತ್ತದೆ. ಗರ್ಭಿಣಿಯ ರಕ್ತದಲ್ಲಿ ಹಿಮೋಗ್ಲೋಬಿನ್ 11 ಗ್ರಾಂಗಿಂತ ಕಡಿಮೆಯಿದ್ದರೆ ಅದು ರಕ್ತಹೀನತೆ. ಆದುದರಿಂದ ಮೊದಲು ರಕ್ತ ಪರೀಕ್ಷೆಯಾಗಲಿ. ಕಬ್ಬಿಣಾಂಶದ ಮಾತ್ರೆಯನ್ನು ಮಲ ಕಪ್ಪಾಗುತ್ತದೆಂದೋ ಮಗು ಕಪ್ಪಾಗುತ್ತದೆಂದೋ ಬಚ್ಚಲಿಗೆ ಎಸೆಯುವ ಅಭ್ಯಾಸ ಇನ್ನೂ ಉಳಿದಿದೆ. ಮಲ ಕಪ್ಪಾಗುವುದು ನಿಜ, ಅದರಿಂದ ಹಾನಿಯಿಲ್ಲ. ಮಗುವಿನ ಬಣ್ಣಕ್ಕೂ ಮಾತ್ರೆಗೂ ಸಂಬಂಧವೇ ಇಲ್ಲ.

ಕಾರಣಗಳು

ಖಿನ್ನತೆಗೆ ಒಂದೇ ಕಾರಣವಿರುವುದಿಲ್ಲ. ಹಿಂದೆ ಗರ್ಭಪಾತವಾಗಿದ್ದವರು, ಹುಟ್ಟಿದ ಮಗುವನ್ನು ಕಳೆದುಕೊಂಡವರು, ಮೊದಲೇ ಮಾನಸಿಕ ಕಾಯಿಲೆಯಿದ್ದವರು, ವಯಸ್ಸಿಗೆ ಮುಂಚೆ ಮದುವೆಯಾದವರು ಇದಕ್ಕೆ ಸುಲಭವಾಗಿ ಒಳಗಾಗುತ್ತಾರೆ. ಮಳೆ ಕೈಕೊಟ್ಟ ವರ್ಷದ ಸಾಲ, ಗಂಡ ಕೂಲಿಗೆಂದು ದೂರದ ಪಟ್ಟಣದಲ್ಲಿರುವುದು, ಗಂಡನ ಕುಡಿತ, ಮನೆಯೊಳಗಿನ ಹೊಡೆತ ಬಡಿತ ಇವು ಭಾರವನ್ನು ಹೆಚ್ಚಿಸುತ್ತವೆ. ಮೊದಲ ಮಗು ಇನ್ನೂ ಮೊಲೆ ಬಿಡದಿರುವಾಗಲೇ, ಬಯಸದೆ ಗರ್ಭ ನಿಂತರೂ ಹಾಗೆಯೇ. ಈ ಕಡೆಯ ಕಾರಣವನ್ನು ಮುಂದಿನ ಸಲ ತಪ್ಪಿಸುವುದು ದಂಪತಿಗಳ ಕೈಯಲ್ಲಿದೆ: ಹೆರಿಗೆಯಾದ ಕೂಡಲೇ ವಂಕಿ ಧಾರಣೆ ಮಾಡಿಸಿಕೊಳ್ಳುವ ಬಗ್ಗೆ ಗರ್ಭಿಣಿಯಾಗಿರುವಾಗಲೇ ಇಬ್ಬರೂ ಕೂಡಿ ಮಾತನಾಡಿಕೊಳ್ಳಬಹುದು.

ಗಂಡು ಮಗುವೇ ಬೇಕೆಂಬ ಒತ್ತಾಯದ ಬಗ್ಗೆ ಪ್ರತ್ಯೇಕವಾಗಿ ಹೇಳಬೇಕಾಗಿದೆ. ಎರಡು ಹೆಣ್ಣು ಮಕ್ಕಳಾದ ಮನೆಯಲ್ಲಿ ಮೂರನೆಯ ಬಸುರಿಯು ಒಂಬತ್ತು ತಿಂಗಳೂ ತೀರ್ಪಿಗಾಗಿ ಕಾದಿರುವ ಅಪರಾಧಿಯಂತೆ ಬದುಕುತ್ತಾಳೆ. ಮಗು ಗಂಡೋ ಹೆಣ್ಣೋ ಎಂಬುದು ನಿರ್ಧಾರವಾಗುವುದು ತಂದೆಯ ವೀರ್ಯಾಣುವಿನಿಂದ. ತಾಯಿಯ ಅಂಡದಲ್ಲಿ ಇರುವುದು ಎಕ್ಸ್ ವರ್ಣತಂತು ಮಾತ್ರ. ತಂದೆಯಿಂದ ಎಕ್ಸ್ ಬಂದರೆ ಹೆಣ್ಣು, ವೈ ಬಂದರೆ ಗಂಡು. ಇದರಲ್ಲಿ ಯಾರ ತಪ್ಪೂ ಇಲ್ಲ, ಯಾರ ಆಯ್ಕೆಯೂ ಇಲ್ಲ. ಗರ್ಭದಲ್ಲಿಯೇ ಲಿಂಗ ಪತ್ತೆ ಮಾಡುವುದನ್ನು 1994ರ ಕಾಯಿದೆಯು ನಿಷೇಧಿಸಿದೆ. ಈ ವಿಷಯವನ್ನು ಗಂಡನಾದವನು ತನ್ನ ತಾಯಿಗೆ ತಾನೇ ತಿಳಿಸುವುದು ಉತ್ತಮ. ಸೊಸೆಯ ಬಾಯಿಂದ ಬಂದರೆ ಅದು ಎದುರುತ್ತರವಾಗುತ್ತದೆ.

ಖಿನ್ನತೆಗೆ ಚಿಕಿತ್ಸೆ ಪಡೆಯದಿದ್ದರೆ ತಾಯಿಯು ಸರಿಯಾಗಿ ಉಣ್ಣುವುದಿಲ್ಲ, ತಪಾಸಣೆಗೆ ಬರುವುದಿಲ್ಲ; ಅವಧಿಗೆ ಮೊದಲೇ ಹೆರಿಗೆಯಾಗುವ, ಮಗುವಿನ ತೂಕ ಕಡಿಮೆಯಾಗುವ ಸಂಭವ ಹೆಚ್ಚುತ್ತದೆ. ಇದನ್ನು ಬಸುರಿಯನ್ನು ಹೆದರಿಸಲು ಹೇಳುತ್ತಿಲ್ಲ. "ನೀನು ಅತ್ತರೆ ಮಗುವಿಗೆ ಕೇಡು" ಎಂದು ಗದರಿಸುವವರು ಆಕೆಯ ದುಃಖಕ್ಕೆ ಪಾಪಭೀತಿಯನ್ನೂ ಸೇರಿಸುತ್ತಾರೆ. ಅತ್ತ ಮಾತ್ರಕ್ಕೆ ಮಗುವಿಗೆ ಏನೂ ಆಗುವುದಿಲ್ಲ.

ಮನೆಯಲ್ಲಿ ಮಾಡಬಹುದಾದುದು

ಮೊದಲನೆಯದು ನಿದ್ರೆ. ರಾತ್ರಿ ಎಂಟು ಗಂಟೆ, ಹಗಲು ಊಟದ ನಂತರ ಎರಡು ಗಂಟೆ ವಿಶ್ರಾಂತಿ ಗರ್ಭಿಣಿಗೆ ಅವಶ್ಯಕ. ಹೇಳುವುದು ಸುಲಭ, ಬೆಳಿಗ್ಗೆ ನಾಲ್ಕೂವರೆಗೆ ಎದ್ದು ಹಾಲು ಕರೆದು ಡೇರಿಗೆ ಹಾಕಬೇಕಾದ ಮನೆಯಲ್ಲಿ ನಡೆಸುವುದು ಕಷ್ಟ. ಆ ಕರೆಯುವ ಕೆಲಸವನ್ನು ಗಂಡನೋ ಮೈದುನನೋ ಕೆಲವು ತಿಂಗಳು ವಹಿಸಿಕೊಂಡರೆ ಯಾವ ಟಾನಿಕ್ಕೂ ಕೊಡದ ಉಪಕಾರ ಅದರಿಂದ ಆಗುತ್ತದೆ. ಹಸುವಿಗೆ ಹೆಂಗಸಿನ ಕೈಯೇ ಅಭ್ಯಾಸವೆಂಬ ನೆಪ ಒಂದು ವಾರಕ್ಕಿಂತ ಹೆಚ್ಚು ನಿಲ್ಲುವುದಿಲ್ಲ.

ಮನಸ್ಸು ಕುಗ್ಗಿದವಳಿಗೆ ಎಲ್ಲ ಕೆಲಸವೂ ಬೆಟ್ಟದಂತೆ ತೋರುತ್ತದೆ. ಆದ್ದರಿಂದ ಆಕೆಯು ಮನಸ್ಸು ಬಂದ ಮೇಲೆ ಮಾಡುತ್ತೇನೆಂದು ಕಾಯದೆ, ದಿನಕ್ಕೆ ಒಂದೆರಡು ಸಣ್ಣ ಕೆಲಸಗಳನ್ನು ಗೊತ್ತುಮಾಡಿಕೊಂಡು ಮಾಡಬೇಕು: ಸಂಜೆಯ ತಂಪಿನಲ್ಲಿ ಅರ್ಧ ಗಂಟೆ ನಡೆಯುವುದು, ಹೂ ಕಟ್ಟುವುದು, ಅಂಗನವಾಡಿಗೆ ಹೋಗಿ ಇತರ ಬಸುರಿಯರೊಡನೆ ಕುಳಿತು ಉಣ್ಣುವುದು. ಕೆಲಸ ಮೊದಲು, ಉತ್ಸಾಹ ಅದರ ಹಿಂದೆ ಬರುತ್ತದೆ. ಪಾಕಿಸ್ತಾನದ ರಾವಲ್ಪಿಂಡಿ ಸುತ್ತಲಿನ ಹಳ್ಳಿಗಳಲ್ಲಿ ನಮ್ಮ ಆಶಾ ಕಾರ್ಯಕರ್ತೆಯರಂಥ ಸ್ತ್ರೀಯರು ಇಂಥ ಸರಳ ಸಲಹೆಗಳನ್ನೇ ಗರ್ಭಿಣಿಯರ ಮನೆಗೆ ಹೋಗಿ ಕಲಿಸಿದಾಗ, ಖಿನ್ನತೆಯಲ್ಲಿದ್ದ ಬಹಳ ಮಂದಿ ಚೇತರಿಸಿಕೊಂಡುದು 2008ರಲ್ಲಿ ಪ್ರಕಟವಾದ ಅಧ್ಯಯನದಿಂದ ತಿಳಿದುಬಂದಿತು. ವಿಶ್ವ ಆರೋಗ್ಯ ಸಂಸ್ಥೆಯು 2015ರಲ್ಲಿ ಅದೇ ಕ್ರಮವನ್ನು ಕೈಪಿಡಿಯಾಗಿ ಹೊರತಂದಿತು. ದೊಡ್ಡ ಆಸ್ಪತ್ರೆಯಿಲ್ಲದ ಊರಿನಲ್ಲಿಯೂ ಇದು ಸಾಧ್ಯವೆಂಬುದಕ್ಕಾಗಿ ಹೇಳಿದೆ.

ಇನ್ನು ಗಂಡಂದಿರಿಗೆ ಒಂದು ಮಾತು. ಪ್ರತಿದಿನ ಕಾಲು ಗಂಟೆ, ಮೊಬೈಲನ್ನು ಪಕ್ಕಕ್ಕಿಟ್ಟು, ಹೆಂಡತಿಯ ಮಾತನ್ನು ಕೇಳಿರಿ. "ಧೈರ್ಯವಾಗಿರು", "ಎಲ್ಲರೂ ಹೆರುತ್ತಾರೆ, ನಿನ್ನದೇನು ವಿಶೇಷ" ಎಂಬ ಉತ್ತರಗಳು ಬೇಡ. ಅವುಗಳಿಂದ ಮಾತು ಅಲ್ಲಿಗೇ ನಿಲ್ಲುತ್ತದೆ. "ಯಾವಾಗಿನಿಂದ ಹೀಗಾಗುತ್ತಿದೆ? ಯಾವ ಹೊತ್ತಿನಲ್ಲಿ ಹೆಚ್ಚು?" ಎಂದು ಕೇಳಿದರೆ ಸಾಕು. ದೂರದಲ್ಲಿ ದುಡಿಯುವವರು ದಿನವೂ ಗೊತ್ತಾದ ಹೊತ್ತಿಗೆ ಫೋನು ಮಾಡಲಿ. ಪ್ರತಿ ತಿಂಗಳು 9ನೇ ತಾರೀಖು ಸರ್ಕಾರಿ ಆಸ್ಪತ್ರೆಗಳಲ್ಲಿ ಗರ್ಭಿಣಿಯರ ವಿಶೇಷ ತಪಾಸಣೆ ನಡೆಯುತ್ತದೆ. ಅಂದು ತಾಯಿ ಕಾರ್ಡಿನೊಡನೆ ನೀವೂ ಬನ್ನಿರಿ.

ಚಿಕಿತ್ಸೆ

ಎರಡು ವಾರ ಕಳೆದರೂ ಸುಧಾರಿಸದಿದ್ದರೆ ಆಶಾ ಕಾರ್ಯಕರ್ತೆಗೆ ತಿಳಿಸಿ ವೈದ್ಯರನ್ನು ಕಾಣಬೇಕು. ಮನೋವೈದ್ಯರ ಸೇವೆಯನ್ನು ಹಳ್ಳಿಗೆ ಮುಟ್ಟಿಸುವ ಪ್ರಯೋಗವು 1985ರಲ್ಲಿ ನಮ್ಮ ಬಳ್ಳಾರಿ ಜಿಲ್ಲೆಯಲ್ಲಿಯೇ ನಡೆದು, 1996ರಲ್ಲಿ ಪ್ರಾರಂಭವಾದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಮಾದರಿಯಾಯಿತು; ಈ ಕಾರ್ಯಕ್ರಮದಡಿ ಜಿಲ್ಲಾ ಆಸ್ಪತ್ರೆಯಲ್ಲಿ ಚಿಕಿತ್ಸೆ ದೊರೆಯುತ್ತದೆ. ಟೆಲಿ ಮಾನಸ್ ಎಂಬ ಉಚಿತ ದೂರವಾಣಿ 14416ಕ್ಕೆ ಹಗಲು ರಾತ್ರಿ ಯಾವಾಗ ಬೇಕಾದರೂ ಕರೆ ಮಾಡಿ ಕನ್ನಡದಲ್ಲಿಯೇ ಮಾತನಾಡಬಹುದು. ಹೆಸರು ಬಯಲಾಗುವ ಅಂಜಿಕೆ ಬೇಡ.

ಸೌಮ್ಯವಾದ ಖಿನ್ನತೆಗೆ ಆಪ್ತ ಸಮಾಲೋಚನೆಯೇ ಬಹುತೇಕ ಸಾಕಾಗುತ್ತದೆ. ತೀವ್ರವಾದಾಗ ಗರ್ಭಿಣಿಯರಿಗೂ ಕೊಡಬಹುದಾದ, ಸರ್ಟ್ರಲೀನ್‌ನಂಥ ಔಷಧಿಗಳಿವೆ. ಅವನ್ನು ವೈದ್ಯರೇ ಆರಿಸಿ ಕೊಡಬೇಕು. ಮೊದಲಿನಿಂದ ಮನಸ್ಸಿನ ಕಾಯಿಲೆಗೆ ಅಥವಾ ಮೂರ್ಛೆಗೆ ಮಾತ್ರೆ ನುಂಗುತ್ತಿದ್ದವರು ಗರ್ಭ ನಿಂತಿತೆಂದು ತಾವಾಗಿಯೇ ನಿಲ್ಲಿಸಬಾರದು, ತಡಮಾಡದೆ ವೈದ್ಯರಿಗೆ ತೋರಿಸಬೇಕು. ವ್ಯಾಲ್ಪ್ರೋಯೇಟ್ ಎಂಬ ಔಷಧಿಯಿಂದ ಮಗುವಿನ ಬೆನ್ನುಹುರಿ, ಮಿದುಳಿಗೆ ದೋಷವುಂಟಾಗಬಹುದಾದ್ದರಿಂದ ಅದನ್ನು ಸೇವಿಸುವವರು ಗರ್ಭ ಧರಿಸುವುದಕ್ಕೆ ಮುಂಚೆಯೇ ಸಲಹೆ ಪಡೆಯತಕ್ಕದ್ದು.

"ಬದುಕಿ ಏನು ಪ್ರಯೋಜನ" ಎಂಬ ಮಾತು ಬಂದರೆ ಅದನ್ನು ಸಿಟ್ಟಿನ ಮಾತೆಂದು ತಳ್ಳಿಹಾಕಬಾರದು. ಪ್ರಾಣ ಕಳೆದುಕೊಳ್ಳುವ ಯೋಚನೆ ಬರುತ್ತಿದೆಯೇ ಎಂದು ನೇರವಾಗಿಯೇ ಕೇಳಬೇಕು. ಕೇಳಿದರೆ ಆ ಯೋಚನೆಯನ್ನು ತಲೆಯಲ್ಲಿ ಹಾಕಿದಂತಾಗುವುದಿಲ್ಲ, ಬದಲಿಗೆ ಹೇಳಿಕೊಂಡವಳಿಗೆ ಹಗುರಾಗುತ್ತದೆ. ಆಕೆಯನ್ನು ಒಂಟಿಯಾಗಿ ಬಿಡದೆ ಆ ದಿನವೇ ಆಸ್ಪತ್ರೆಗೆ ಕರೆತನ್ನಿರಿ. ಹೊಲಕ್ಕೆ ಹೊಡೆಯುವ ಕ್ರಿಮಿನಾಶಕವು ಅಡುಗೆಮನೆಯ ಅಟ್ಟದ ಮೇಲಿದ್ದರೆ ಅದನ್ನು ಈಗಲೇ ಮನೆಯಿಂದ ಹೊರಗೆ, ಬೀಗವಿರುವ ಜಾಗಕ್ಕೆ ಸಾಗಿಸಿರಿ.

ಹೆರಿಗೆಯ ನಂತರದ ಮೊದಲೆರಡು ವಾರಗಳಲ್ಲಿ ಬಾಣಂತಿಯು ನಿದ್ರೆಯೇ ಇಲ್ಲದೆ ಅಸಂಬದ್ಧವಾಗಿ ಮಾತನಾಡತೊಡಗಿದರೆ, ಇಲ್ಲದುದು ಕಾಣುತ್ತದೆ, ಕೇಳುತ್ತದೆ ಎಂದರೆ, ಮಗುವನ್ನು ಶಂಕಿಸಿದರೆ ಅದನ್ನು ಜನ ಬಾಣಂತಿ ಸನ್ನಿ ಎನ್ನುತ್ತಾರೆ. ಸಾವಿರ ಹೆರಿಗೆಗಳಲ್ಲಿ ಒಂದೆರಡರಲ್ಲಿ ಇದು ಕಂಡುಬರುತ್ತದೆ. ಶೀತವಾಗಿದೆಯೆಂದು ಕಷಾಯ ಕೊಡುತ್ತಲೋ, ಗಾಳಿ ಸೋಕಿದೆಯೆಂದು ತಾಯಿತ ಕಟ್ಟಿಸುತ್ತಲೋ ದಿನ ಕಳೆಯುವಂತಿಲ್ಲ. ತಾಯಿ ಮಗು ಇಬ್ಬರ ಜೀವಕ್ಕೂ ಅಪಾಯವಿರುವುದರಿಂದ 108ಕ್ಕೆ ಕರೆ ಮಾಡಿ ಅಂದೇ ಆಸ್ಪತ್ರೆಗೆ ಸೇರಿಸಬೇಕು. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ತಾಯಿಯನ್ನು ಮಗುವಿನೊಡನೆಯೇ ಇರಿಸಿಕೊಂಡು ಚಿಕಿತ್ಸೆ ನೀಡುವ ವಾರ್ಡು 2009ರಿಂದಲೂ ಇದೆ. ಸರಿಯಾದ ಚಿಕಿತ್ಸೆಯಿಂದ ಬಹುಪಾಲು ತಾಯಂದಿರು ಪೂರ್ಣವಾಗಿ ಗುಣವಾಗಿ ಮಗುವನ್ನು ಎತ್ತಿಕೊಂಡು ಮನೆಗೆ ಮರಳುತ್ತಾರೆ. ಒಮ್ಮೆ ಹೀಗಾದವರು ಮುಂದಿನ ಬಸುರಿನಲ್ಲಿ ಮೊದಲ ತಪಾಸಣೆಯ ದಿನವೇ ಇದನ್ನು ವೈದ್ಯರಿಗೆ ತಿಳಿಸಿ ತಾಯಿ ಕಾರ್ಡಿನಲ್ಲಿ ಬರೆಸಿಡಬೇಕು.